ನಮ್ಮ ಕರಾವಳಿಯ ಸಣ್ಣ ಊರಲ್ಲಿ ಕಲಾ ಪ್ರದರ್ಶನ ಮಾಡೋದು ಹೇಗೆ

ಅಂಕೋಲಾ, ಕುಮಟಾ, ಹೊನ್ನಾವರ ಕಡೆ ಯಾರಾದ್ರೂ ಆರ್ಟ್ ಎಕ್ಸಿಬಿಷನ್ ಮಾಡೋಣ ಅಂದ್ರೆ ಮೊದಲು ಬರೋ ಮಾತು, ನಮ್ಮಲ್ಲಿ ಗ್ಯಾಲರಿ ಎಲ್ಲಿದೆ ಮಾರಾಯ್ರೆ, ಅದಕ್ಕೆಲ್ಲ ಮಂಗಳೂರಿಗೋ ಬೆಂಗಳೂರಿಗೋ ಹೋಗ್ಬೇಕು ಅಂತ. ಗ್ಯಾಲರಿಗೆ ಕಾಯೋದು ಬೇಡ. ಒಂದು ಹಾಲ್, ಶಾಮಿಯಾನದವರ ಪೈಪು, ಒಂದಷ್ಟು ಫೋಕಸ್ ಲೈಟು, ಓಡಾಡೋಕೆ ನಾಲ್ಕೈದು ಜನ ಇದ್ರೆ ಮೂರು ದಿನದ ಚಂದ ಪ್ರದರ್ಶನ ಆಗತ್ತೆ.

ಹಾಲ್ ಹುಡುಕೋಕೆ ಮುಂಚೆ ಕಲಾವಿದರನ್ನ ಹುಡುಕಿ. ಫೈನ್ ಆರ್ಟ್ಸ್ ಓದಿ ಬಂದ ಹುಡುಗರು, ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರು ಹೇಗೂ ಸಿಗ್ತಾರೆ. ಆದ್ರೆ ಚೌತಿಗೆ ಗಣಪತಿ ಮಾಡೋರು, ಅಂಗಡಿ ಬೋರ್ಡ್ ಬರೆಯೋರು, ಯಕ್ಷಗಾನದ ಕಿರೀಟ ಭುಜಕೀರ್ತಿ ಮಾಡೋರು, ಮದುವೆಗೆ ಬೆಂಡಿನ ಬಾಸಿಂಗ ಮಾಡಿಕೊಡೋ ಗುಡಿಗಾರ ಮನೆಯೋರು, ಮನೆ ಗೋಡೆ ಮೇಲೆ ಶೇಡಿಯಲ್ಲಿ (ಬಿಳಿ ಮಣ್ಣಲ್ಲಿ) ಚಿತ್ತಾರ ಬರೆಯೋ ಅಜ್ಜಿಯಂದ್ರು ಇವರನ್ನ ಯಾರೂ ಕಲಾವಿದರು ಅಂತ ಕರೆದೇ ಇರಲ್ಲ, ಕರೆದ್ರೆ ಅವರಿಗೇ ಸಂಕೋಚ, ಅದಕ್ಕೇ ಫೋನ್ ಮಾಡಿ ಮುಗಿಸ್ಬೇಡಿ, ಮನೆಗೆ ಹೋಗಿ ಕೂತು ಚಾ ಕುಡಿದು ಅವರ ಕೆಲಸ ನೋಡಿ ಆಮೇಲೆ ಕೇಳಿ. ಕ್ಯಾನ್ವಾಸಿನ ಪಕ್ಕದಲ್ಲೇ ಕಿರೀಟ ಇಡಿ, ಬೇರೆ ಮೂಲೆಗೆ ಹಾಕಿ "ಜಾನಪದ ವಿಭಾಗ" ಅಂತ ಚೀಟಿ ಅಂಟಿಸ್ಬೇಡಿ, ನನಗೆ ಅದು ನೋಡಿದ್ರೆ ನಿಜಕ್ಕೂ ಬೇಜಾರಾಗತ್ತೆ. ಉಡುಪಿ ಹತ್ರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು ಮುಂಬೈಗೆ ಹೋಗಿ ಎಷ್ಟು ದೊಡ್ಡ ಹೆಸರು ಮಾಡಿದ್ರೂ ಅವರ ರೇಖೆಗಳಲ್ಲಿ ಯಕ್ಷಗಾನದ ಕುಣಿತ ಹಾಗೇ ಉಳಿದಿತ್ತು. ಇವೆರಡೂ ಒಂದೇ ಮಣ್ಣಿಂದ ಬಂದಿದ್ದು, ಒಂದೇ ಗೋಡೆ ಮೇಲೆ ಇರಲಿ.

ಸಮಯದ ವಿಷ್ಯ. ಮಳೆಗಾಲ ಬೇಡವೇ ಬೇಡ. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಯಲ್ಲೇ ನೀರಿರತ್ತೆ, ಕಾಗದ ಅಲೆಅಲೆಯಾಗಿ ಮೇಲೇಳತ್ತೆ, ಫ್ರೇಮಿನ ಗಾಜಿನ ಒಳಗೆ ಬೂಷ್ಟು ಹಿಡಿಯತ್ತೆ. ಚೌತಿ ಮುಗಿಯೋ ತನಕ ಗಣಪತಿ ಮಾಡೋರ ಕೈ ಬಿಡುವಿಲ್ಲ. ಡಿಸೆಂಬರ್ ಕೊನೆಯಿಂದ ಜನವರಿ ಮಧ್ಯದ ತನಕ ನನ್ನ ಪ್ರಕಾರ ಬೆಸ್ಟ್, ಗಾಳಿ ಸ್ವಲ್ಪ ಒಣಗಿರತ್ತೆ, ಬೆಂಗಳೂರು ಮುಂಬೈಯಲ್ಲಿರೋರು ರಜೆಗೆ ಊರಿಗೆ ಬಂದಿರ್ತಾರೆ. ಒಂದೇ ತೊಂದರೆ, ಅದೇ ಟೈಮಲ್ಲಿ ಶಾಲೆಗಳಲ್ಲಿ ಗ್ಯಾದರಿಂಗ್ (ವಾರ್ಷಿಕೋತ್ಸವ) ಇರತ್ತೆ, ಹಾಲ್ ಸಿಗಲ್ಲ, ಹಾಗಾಗಿ ದೀಪಾವಳಿ ಹೊತ್ತಿಗೇ ಹೆಡ್‌ಮಾಸ್ತರ ಹತ್ರ ಮಾತಾಡಿ ಡೇಟ್ ಬರೆಸಿಡಿ. ಊರಲ್ಲಿ ತೇರು ಇರೋ ದಿನ, ಹತ್ರದಲ್ಲೇ ದೊಡ್ಡ ಮೇಳದ ಯಕ್ಷಗಾನ ಆಟ ಇರೋ ದಿನ ತಪ್ಪಿಸಿ. ಸಂತೆ ದಿನ ಮಾತ್ರ ಸೇರಿಸ್ಕೊಳ್ಳಿ, ಕೈಚೀಲ ಹಿಡ್ಕೊಂಡೇ ಜನ ಒಳಗೆ ಬರ್ಲಿ.

ಜಾಗ ಬಸ್‌ಸ್ಟ್ಯಾಂಡಿಗೆ ನಡೆದು ಹೋಗೋ ದೂರದಲ್ಲಿರ್ಬೇಕು. ಬೀಚ್ ಪಕ್ಕ ಅಂದ್ರೆ ಫೋಟೋಗೆ ಚಂದ, ಆದ್ರೆ ಉಪ್ಪುಗಾಳಿಗೆ ಕಬ್ಬಿಣದ ಮೊಳೆ ಬೇಗ ತುಕ್ಕು ಹಿಡಿದು ಕಾಗದಕ್ಕೆ ಕಲೆ ಮಾಡತ್ತೆ. ಹಿತ್ತಾಳೆ ಅಥವಾ ಸ್ಟೀಲ್ ಕೊಕ್ಕೆ ಬಳಸಿ.

ತೂಗು ಹಾಕೋದು ಹೇಗೆ ಅಂದ್ರೆ, ಹಳೇ ಕಟ್ಟಡದ ಚಿರೆಕಲ್ಲಿನ ಗೋಡೆಗೆ ಮೊಳೆ ಹೊಡೆದ್ರೆ ಗಾರೆ ಉದುರತ್ತೆ, ಬೈಸ್ಕೊಳ್ಳೋದೂ ಗ್ಯಾರಂಟಿ. ಶಾಮಿಯಾನದ ಪೈಪನ್ನ ಗೋಡೆಗೆ ಅರ್ಧ ಅಡಿ ಬಿಟ್ಟು ನಿಲ್ಲಿಸಿ, ಹಿಂದೆ ಬಿಳಿ ಬಟ್ಟೆ ಎಳೆದು ಕಟ್ಟಿ, ಮೇಲಿನ ಅಡ್ಡ ಪೈಪಿಂದ ತಂಗೂಸಿಯಲ್ಲಿ, ಅಂದ್ರೆ ಮೀನು ಹಿಡಿಯೋ ನೈಲಾನ್ ದಾರದಲ್ಲಿ, ಚಿತ್ರ ಇಳಿಬಿಡಿ. ಬಲೆ ಸಾಮಾನು ಮಾರೋ ಅಂಗಡಿಯಲ್ಲಿ ದಪ್ಪ ತಂಗೂಸಿ ಕೇಳಿ ತಗೊಳ್ಳಿ, ಎರಡು ಎಳೆ ಹಾಕಿ, ಗಂಟನ್ನ ಮೀನುಗಾರರ ಹತ್ರವೇ ಹಾಕಿಸಿ, ನಾವು ಹಾಕಿದ ಗಂಟು ಜಾರತ್ತೆ, ಅವರದ್ದು ಜಾರಲ್ಲ. ಚಿತ್ರದ ನಡು ನೆಲದಿಂದ ಸುಮಾರು 57 ಇಂಚು ಎತ್ತರಕ್ಕೆ ಬರಲಿ, ಎಲ್ಲ ಚಿತ್ರಕ್ಕೂ ಅದೇ ಲೆಕ್ಕ. ಬೆಳಕು ಹಳದಿ ಛಾಯೆಯ ಎಲ್‌ಇಡಿ ಇದ್ರೆ ಒಳ್ಳೇದು, ನೀಲಿ ಬಿಳುಪಿನ ಟ್ಯೂಬ್‌ಲೈಟಲ್ಲಿ ಕೆಂಪು ಬಣ್ಣ ಸಾಯತ್ತೆ. ಇನ್ವರ್ಟರ್ ಒಂದು ಇಟ್ಕೊಳ್ಳಿ, ಕರೆಂಟಿನ ಕತೆ ಗೊತ್ತಲ್ಲ.

ಪ್ರತಿ ಕೃತಿಗೂ ಚೀಟಿ ಕನ್ನಡದಲ್ಲಿ ಬರೀರಿ. ಮಾಡಿದವರ ಹೆಸರು, ಊರು, ಯಾವುದರಲ್ಲಿ ಮಾಡಿದ್ದು, ರೇಟು. ರೇಟ್ ಬರೆಯೋಕೆ ನಾಚಿಕೆ ಬೇಡ, ಬರೆಯದಿದ್ರೆ ಕೊಳ್ಳೋ ಮನಸ್ಸಿದ್ದೋರೂ ಕೇಳೋಕೆ ಹೆದರಿ ವಾಪಸ್ ಹೋಗ್ತಾರೆ. ಮೂರು ನಾಲ್ಕು ನೂರು ರೂಪಾಯಿಗೆ ಸಿಗೋ ಸಣ್ಣ ರೇಖಾಚಿತ್ರ, ಪೋಸ್ಟ್‌ಕಾರ್ಡ್ ಪ್ರಿಂಟ್ ಒಂದಷ್ಟು ಇರಲೇಬೇಕು, ಮೇಷ್ಟ್ರು ನರ್ಸು ಅಂಗಡಿಯವರು ಕೊಳ್ಳೋದು ಅದನ್ನೇ.

ಒಂದು ವಿಶೇಷ ಮಾಡೋದಾದ್ರೆ ಕಾವಿ ಕಲೆ ಇಡಿ ಅಂತ ಕೈ ಮುಗಿದು ಕೇಳ್ತೀನಿ. ನಮ್ಮ ಕಡೆಯಿಂದ ಗೋವಾ ತನಕ ಹಳೇ ದೇವಸ್ಥಾನದ ಗೋಡೆಗಳಲ್ಲಿದ್ದ ಕಲೆ ಇದು, ಸುಣ್ಣದ ಗಾರೆ ಮೇಲೆ ಕೆಮ್ಮಣ್ಣಿನ ಪದರ ಹಚ್ಚಿ, ಹಸಿ ಇರುವಾಗಲೇ ಚೂಪು ಮೊನೆಯಿಂದ ಕೆರೆದು ಕೆಳಗಿನ ಬಿಳಿ ಕಾಣೋ ಹಾಗೆ ಮಾಡೋದು. ಜೀರ್ಣೋದ್ಧಾರದ ಹೆಸರಲ್ಲಿ ಎಷ್ಟೋ ಗೋಡೆ ಕೆಡವಿದ್ರು, ಮೇಲೆ ಪೇಂಟ್ ಬಳಿದ್ರು. ಹೊನ್ನಾವರದಲ್ಲೇ ಹುಟ್ಟಿದ ಲೇಖಕ, ಛಾಯಾಗ್ರಾಹಕ ಕೃಷ್ಣಾನಂದ ಕಾಮತರು ಕ್ಯಾಮೆರಾ ಹಿಡಿದು ಊರೂರು ಸುತ್ತಿ ದಾಖಲು ಮಾಡಿದ್ದಕ್ಕೆ ಇಷ್ಟಾದ್ರೂ ನಮಗೆ ಗೊತ್ತು. ನೀವು ನಿಮ್ಮೂರಲ್ಲಿ ಉಳಿದಿರೋ ಗೋಡೆಯ ಫೋಟೋ ದೊಡ್ಡದಾಗಿ ಪ್ರಿಂಟ್ ಮಾಡಿಸಿ ಹಾಕಿ, ದೇವಸ್ಥಾನದ ಕಮಿಟಿಯೋರನ್ನೇ ಅದರ ಮುಂದೆ ಕರೆತಂದು ನಿಲ್ಲಿಸಿ, ಪಕ್ಕದಲ್ಲಿ ಮಕ್ಕಳಿಗೆ ಸಣ್ಣ ಹಲಗೆ ಮೇಲೆ ಗಾರೆ ಹಾಕಿ ಕೆರೆಯೋಕೆ ಕೊಡಿ. ಮಕ್ಕಳು ಬಂದ್ರೆ ಅಪ್ಪ ಅಮ್ಮ ತನ್ನಿಂತಾನೇ ಬರ್ತಾರೆ.

ಉದ್ಘಾಟನೆ ಅರ್ಧ ಗಂಟೆ ಮೀರಬಾರದು, ಹಾರ ಶಾಲು ಬೇಕಾದ್ರೆ ಕಲಾವಿದರಿಗೇ ಹಾಕಿ. ಸಂಜೆ 4ರಿಂದ 8 ಜನ ಬರೋ ಹೊತ್ತು, ಆಗ ಕಲಾವಿದರು ಅಲ್ಲೇ ಇದ್ದು ಕೆಲಸ ಮಾಡ್ತಾ ಕೂತಿದ್ರೆ ನೋಡೋರು ಬೇಗ ಹೊರಡಲ್ಲ.

ಮಾರಾಟ ಆಗಿದ್ದನ್ನ ಒಂದು ಪುಸ್ತಕದಲ್ಲಿ ಬರೀರಿ, ಖರ್ಚಿಗೆ ಅಂತ ಹತ್ತು ಪರ್ಸೆಂಟ್ ಮುರ್ಕೊಳ್ಳೋದಿದ್ರೆ ಮೊದಲೇ ಹೇಳಿಬಿಡಿ. ಪ್ರದರ್ಶನ ಮುಗಿದ ವಾರದೊಳಗೆ ದುಡ್ಡು, ಉಳಿದ ಕೃತಿ ಎರಡೂ ಅವರವರ ಮನೆಗೆ ನೀವೇ ಹೋಗಿ ಮುಟ್ಟಿಸಿ, ಕೊಂಡವರು ಯಾರು ಅಂತಲೂ ಹೇಳಿ ಬನ್ನಿ.