ಆರ್‌ಓ ಕೊಳ್ಳುವ ಮೊದಲು ನಿಮ್ಮ ನೀರನ್ನು ತಿಳಿದುಕೊಳ್ಳಿ

ಎರಡು ವರ್ಷದ ಹಿಂದೆ ನಮ್ಮ ಮನೆಗೆ ನೀರಿನ ಫಿಲ್ಟರ್ ಮಾರುವವರು ಬಂದಿದ್ದರು. ಒಂದು ಗ್ಲಾಸಿನಲ್ಲಿ ನಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅವರು ತಂದ ಆರ್‌ಓ ನೀರು, ಅಂದರೆ ತೆಳು ಪರೆಯ ಮೂಲಕ ಒತ್ತಿ ಲವಣ ತೆಗೆದ ನೀರು. ಎರಡಕ್ಕೂ ಲೋಹದ ಕಡ್ಡಿಗಳನ್ನು ಇಳಿಸಿ ಕರೆಂಟು ಹಾಕಿದರು. ನೋಡನೋಡುತ್ತಲೇ ನಮ್ಮ ನೀರು ಕಂದು ಬಣ್ಣಕ್ಕೆ ತಿರುಗಿ ಗಸಿ ಕಟ್ಟಿತು. 'ಇಷ್ಟು ದಿನ ಇದನ್ನೇ ಕುಡಿತಿದ್ವಾ' ಎಂದು ಅಮ್ಮ ಗಾಬರಿಯಾದರು. ಅಂದೇ ಮುಂಗಡ ಕೊಟ್ಟೆವು.

ಆ ಕಂದು ಬಣ್ಣ ನೀರಿನದಲ್ಲ, ಕಬ್ಬಿಣದ ಕಡ್ಡಿಯದು. ನೀರಿನಲ್ಲಿ ಲವಣ ಇದ್ದರೆ ಕರೆಂಟು ಹರಿಯುತ್ತದೆ, ಆಗ ಕಡ್ಡಿ ಕರಗಿ ತುಕ್ಕು ಬಿಡುತ್ತದೆ. ಆರ್‌ಓ ನೀರಿನಲ್ಲಿ ಲವಣ ತೀರಾ ಕಡಿಮೆ, ಹಾಗಾಗಿ ಅದು ತಿಳಿಯಾಗಿಯೇ ಉಳಿಯುತ್ತದೆ. ಅದಕ್ಕೂ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿದರೆ ಅದೂ ಕಂದಾಗುತ್ತದೆ. ನಿಮ್ಮ ಮನೆಯಲ್ಲಿ ಯಾರಾದರೂ ಈ ಪರೀಕ್ಷೆ ಮಾಡಿದರೆ ಉಪ್ಪಿನ ಡಬ್ಬಿ ತನ್ನಿ.

ಮೊದಲು ಅಳೆಯಿರಿ

ಟಿಡಿಎಸ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ನೀರಿನಲ್ಲಿ ಕರಗಿರುವ ಲವಣಗಳೆಲ್ಲ ಸೇರಿ ಎಷ್ಟಿವೆ ಎಂದು ಅದು ತೋರಿಸುತ್ತದೆ. ಒಂದು ಸಲ ಅಳೆದು ಬಿಡಬೇಡಿ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ನೆಲದಡಿಯ ಸಂಪ್ ತೊಟ್ಟಿಗೆ ಒಂದು ದಿನ ಕಾವೇರಿ ನೀರು, ಇನ್ನೊಂದು ದಿನ ಬೋರ್‌ವೆಲ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್ ನೀರು ಬೀಳುತ್ತದೆ. ಒಂದು ವಾರ ದಿನಾ ಅಡುಗೆಮನೆ ನಲ್ಲಿಯಲ್ಲೇ ಅಳೆದು ಬರೆದಿಡಿ. ಏಪ್ರಿಲ್‌ನಲ್ಲಿ ಇನ್ನೊಮ್ಮೆ ಅಳೆಯಿರಿ.

ಕುಡಿಯುವ ನೀರಿಗೆ ಐಎಸ್ 10500 ಎಂಬ ಭಾರತೀಯ ಮಾನದಂಡ ಇದೆ. ಅದರ ಪ್ರಕಾರ ಲೀಟರಿಗೆ 500 ಮಿಲಿಗ್ರಾಂವರೆಗೆ ಟಿಡಿಎಸ್ ಇದ್ದರೆ ಒಳ್ಳೆಯದು. ಬೇರೆ ನೀರೇ ಸಿಗದ ಕಡೆ 2000ದವರೆಗೆ ಒಪ್ಪುತ್ತಾರೆ. 500ಕ್ಕಿಂತ ಕಡಿಮೆ ಇರುವಲ್ಲಿ ಆರ್‌ಓ ಬಳಕೆ ನಿಷೇಧಿಸಬೇಕು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಸರ್ಕಾರಕ್ಕೆ ಹೇಳಿತ್ತು. ಬರೀ ಕಾವೇರಿ ನೀರು ಬರುವ ಮನೆಗೆ ಸಾಮಾನ್ಯವಾಗಿ ಯುವಿ ಫಿಲ್ಟರ್ (ನೇರಳಾತೀತ ಬೆಳಕಿನಿಂದ ರೋಗಾಣು ಕೊಲ್ಲುವುದು) ಸಾಕು. ಕಾಯಿಸಿ ಆರಿಸಿದ ನೀರೂ ಆಗುತ್ತದೆ.

ಮೀಟರ್ ಹೇಳದ ವಿಷಯ

ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಟಿಡಿಎಸ್ ಮೀಟರಿಗೆ ಫ್ಲೋರೈಡ್, ನೈಟ್ರೇಟ್ ಬೇರೆಯಾಗಿ ಕಾಣುವುದಿಲ್ಲ. ರೋಗಾಣು ಅಂತೂ ಕಾಣುವುದೇ ಇಲ್ಲ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹಳೆಯ ಸಂಕಟ. ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ವರ್ಷಗಟ್ಟಲೆ ಜಾಸ್ತಿ ಕುಡಿದರೆ ಮಕ್ಕಳ ಹಲ್ಲು ಕಂದಾಗುತ್ತದೆ, ಮುಂದೆ ಮೂಳೆಗೂ ತಾಗುತ್ತದೆ. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ.

ಬೋರ್‌ವೆಲ್ ನೀರು ಕುಡಿಯುವವರು ಒಂದು ಬಾಟಲಿ ನೀರನ್ನು ಲ್ಯಾಬಿಗೆ ಕೊಡಲೇಬೇಕು. ಹಳ್ಳಿಯವರು ಗ್ರಾಮ ಪಂಚಾಯಿತಿಯಲ್ಲಿ ಕೇಳಿದರೆ ಸರ್ಕಾರಿ ಲ್ಯಾಬಿನ ದಾರಿ ಗೊತ್ತಾಗುತ್ತದೆ. ಗಡಸುತನ, ಫ್ಲೋರೈಡ್, ನೈಟ್ರೇಟ್, ಬ್ಯಾಕ್ಟೀರಿಯಾ, ಈ ನಾಲ್ಕನ್ನು ಹೆಸರಿಟ್ಟು ಕೇಳಿ. ಫ್ಲೋರೈಡ್ ಅಥವಾ ನೈಟ್ರೇಟ್ ಮಿತಿ ಮೀರಿದ್ದರೆ ಟಿಡಿಎಸ್ 400 ಇದ್ದರೂ ಆರ್‌ಓ ಬೇಕಾಗಬಹುದು. ಇಲ್ಲವೇ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತುಂಬಿಸಿ ತರಬಹುದು. ಬೇಳೆ ಬೇಯುತ್ತಿಲ್ಲ, ಸೋಪಿಗೆ ನೊರೆ ಬರುತ್ತಿಲ್ಲ, ಗೀಸರ್ ಒಳಗೆ ಬಿಳಿ ಪದರ ಕಟ್ಟುತ್ತಿದೆ ಎಂದರೆ ಅದು ಗಡಸು ನೀರು. ಸ್ನಾನದ ನೀರಿಗೆ ಗಡಸುತನ ತೆಗೆಯುವ ಸಾಫ್ಟ್‌ನರ್ ಹಾಕಿಸಬಹುದು, ಆದರೆ ಅದರಿಂದ ಟಿಡಿಎಸ್ ಇಳಿಯುವುದಿಲ್ಲ.

ಅಂಗಡಿಯಲ್ಲಿ ಕೇಳಬೇಕಾದ್ದು

ನಾಲ್ಕು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 20 ಲೀಟರ್ ಸಾಕು. ಹೆಚ್ಚಿನ ಮನೆಯ ಆರ್‌ಓಗಳು ಒಂದು ಲೀಟರ್ ಒಳ್ಳೆಯ ನೀರಿಗೆ ಸುಮಾರು ಮೂರು ಲೀಟರ್ ಹೊರಗೆ ಬಿಡುತ್ತವೆ. ಅಂದರೆ ದಿನಕ್ಕೆ 60 ಲೀಟರ್, ತಿಂಗಳಿಗೆ 1800 ಲೀಟರ್! ಟ್ಯಾಂಕರಿಗೆ ದುಡ್ಡು ಕೊಡುವ ಮನೆಗಳಿಗೆ ಇದು ಸಣ್ಣ ಲೆಕ್ಕವಲ್ಲ. ಆದ್ದರಿಂದ ಒಳಗೆ ಹೋದ ನೀರಿನಲ್ಲಿ ನೂರಕ್ಕೆ ಎಷ್ಟು ಕುಡಿಯಲು ಸಿಗುತ್ತದೆ ಎಂದು ಮೊದಲು ಕೇಳಿ.

ಟಿಡಿಎಸ್ ಕಂಟ್ರೋಲರ್ ಇದೆ ಎಂದು ಹೊಗಳಿ ಮಾರುತ್ತಾರೆ. ಅದು ಮಾಡುವುದು ಇಷ್ಟೇ: ಮೆಂಬ್ರೇನ್, ಅಂದರೆ ಲವಣ ತಡೆಯುವ ಪರೆಯ ಮೂಲಕ ಹೋಗದ ನೀರನ್ನು ಸ್ವಲ್ಪ ಶುದ್ಧ ನೀರಿಗೆ ಬೆರೆಸುತ್ತದೆ. ಉಪ್ಪು ನೀರು ಮಾತ್ರ ತೊಂದರೆಯಾದರೆ ಪರವಾಗಿಲ್ಲ. ಆದರೆ ಫ್ಲೋರೈಡ್ ಇರುವ ಊರಿನಲ್ಲಿ ಅದನ್ನು ಪೂರ್ತಿ ಮುಚ್ಚಿಸಿ. ತೆಗೆದ ವಿಷವನ್ನೇ ಮತ್ತೆ ಬೆರೆಸಿದಂತಾಗುತ್ತದೆ, ಅಲ್ವಾ?

ಯಂತ್ರದ ಬೆಲೆಗಿಂತ ಫಿಲ್ಟರ್‌ಗಳ ಬೆಲೆ ವಿಚಾರಿಸಿ. ಕೆಸರು ತಡೆಯುವ ಸೆಡಿಮೆಂಟ್, ಕ್ಲೋರಿನ್ ತೆಗೆಯುವ ಕಾರ್ಬನ್ ಫಿಲ್ಟರ್‌ಗಳನ್ನು ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ಮೆಂಬ್ರೇನ್ ಅನ್ನು ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಬೇಕಾಗುತ್ತದೆ. ಕಾರ್ಬನ್ ಬದಲಿಸುವುದನ್ನು ಮುಂದೂಡಬೇಡಿ. ಅದು ಸೋತರೆ ನೀರಿನ ಕ್ಲೋರಿನ್ ಮುಂದಕ್ಕೆ ಹರಿದು ಮೆಂಬ್ರೇನನ್ನೇ ಹಾಳು ಮಾಡುತ್ತದೆ. ನಿಮ್ಮ ಊರಿನಲ್ಲಿ ರಿಪೇರಿಗೆ ಬರುವವರು ಇದ್ದಾರಾ ಎಂಬುದನ್ನೂ ಕೇಳಿ.

ಹಾಕಿಸಿದ ಮೇಲೆ

ಹೊರಬಿಡುವ ನೀರಿನ ಪೈಪನ್ನು ಸಿಂಕಿಗೆ ಬಿಡದೆ ಬಕೆಟ್ಟಿಗೆ ಇಳಿಸಿ. ನೆಲ ಒರೆಸಲು, ಶೌಚಾಲಯಕ್ಕೆ ಅದು ಚೆನ್ನಾಗಿ ಆಗುತ್ತದೆ. ಅದರ ಟಿಡಿಎಸ್ ಜಾಸ್ತಿ ಇದ್ದರೆ ಕುಂಡದ ಗಿಡಗಳಿಗೆ ಹಾಕಬೇಡಿ, ಮಣ್ಣಿನಲ್ಲಿ ಉಪ್ಪು ಸೇರಿಕೊಳ್ಳುತ್ತದೆ. ವಾರಗಟ್ಟಲೆ ಊರಿಗೆ ಹೋಗಿ ಬಂದರೆ ಟ್ಯಾಂಕಿನಲ್ಲಿ ನಿಂತ ನೀರನ್ನು ಪೂರ್ತಿ ಚೆಲ್ಲಿ, ಹೊಸದಾಗಿ ತುಂಬಿದ ನೀರು ಕುಡಿಯಿರಿ.

ಫಿಲ್ಟರ್ ಬದಲಿಸಿದ ದಿನಾಂಕವನ್ನು ಯಂತ್ರದ ಮೇಲೆಯೇ ಮಾರ್ಕರ್‌ನಲ್ಲಿ ಬರೆಯಿರಿ. ತಿಂಗಳಿಗೊಮ್ಮೆ ಶುದ್ಧ ನೀರಿನ ಟಿಡಿಎಸ್ ಅಳೆದು ಅದರ ಪಕ್ಕದಲ್ಲೇ ಗುರುತು ಹಾಕಿ. ಒಳಗೆ ಬರುವ ನೀರು ಬದಲಾಗದೆ ಶುದ್ಧ ನೀರಿನ ಅಂಕಿ ಏರುತ್ತಾ ಹೋದರೆ, ಮೆಂಬ್ರೇನ್ ನೋಡಿಸುವ ಸಮಯ ಬಂದಿದೆ.