ರೋಡ್ ಬೈಕ್ ಟೈರ್: ಮೊದಲು ಸಂದು ಅಳೆಯಿರಿ, ಆಮೇಲೆ ದುಡ್ಡು ಬಿಚ್ಚಿ

ಭಾನುವಾರ ಬೆಳಗ್ಗೆ ನಂದಿಬೆಟ್ಟದ ಬುಡದಲ್ಲಿ ನಿಂತು ಒಂದೆರಡು ಟೈರು ಒತ್ತಿ ನೋಡಿ. ಸೈಕಲ್ಲು ಲಕ್ಷ ರೂಪಾಯಿಯದ್ದು, ಟೈರು ಮಾತ್ರ ಕಲ್ಲು. ಕೇಳಿದರೆ, ಗಾಳಿಯ ಒತ್ತಡ ಅಳೆಯುವ ಪಿಎಸ್‌ಐ ಲೆಕ್ಕದಲ್ಲಿ, "120 ಹೊಡೆದಿದೀನಿ, ಸ್ಪೀಡು ಬರುತ್ತೆ" ಅಂತಾರೆ. ಬರಲ್ಲ ಸ್ವಾಮಿ. ಜಲ್ಲಿ ಎದ್ದ ನಮ್ಮ ಡಾಂಬರಿನ ಮೇಲೆ ಗಟ್ಟಿ ಟೈರು ಪ್ರತಿ ಉಬ್ಬಿಗೂ ನಿಮ್ಮನ್ನೂ ಸೈಕಲ್ಲನ್ನೂ ಎತ್ತಿ ಎತ್ತಿ ಹಾಕುತ್ತದೆ, ತುಳಿದ ಶಕ್ತಿ ಅಲ್ಲೇ ಪೋಲಾಗುತ್ತದೆ.

ಮೊದಲು ಈಗಿರುವ ಟೈರಿನ ಪಕ್ಕದಲ್ಲಿ ಬರೆದಿರುವುದನ್ನು ಓದಿ. 25-622 ಅಂತಿದ್ದರೆ ಅಗಲ 25 ಎಂಎಂ, ರಿಮ್ಮಿನಲ್ಲಿ ಕೂರುವ ಅಂಚಿನ ವ್ಯಾಸ 622. 700ಸಿ ಅನ್ನುವುದೂ ಇದೇ. ಹಳೇ 27 ಇಂಚಿನ ಟೈರು 630, ಅದು ಇದಕ್ಕೆ ಆಗುವುದಿಲ್ಲ.

ಎಲ್ಲರೂ ಎಡವುವುದು ಅಗಲದಲ್ಲಿ. ನನ್ನನ್ನು ಕೇಳಿದರೆ 28 ಹಾಕಿ, ಫ್ರೇಮು ಅವಕಾಶ ಕೊಟ್ಟರೆ 32 ಹಾಕಿ, 23ರ ಕಾಲ ಮುಗಿಯಿತು. ಆದರೆ ಜಾಗ ಇದೆಯಾ ಅಂತ ನೋಡದೆ ತರಬೇಡಿ. ಒಂದು ಅಂಗಡಿಯವರು "ಆರಾಮಾಗಿ ಕೂರುತ್ತೆ" ಅಂದರು ಅಂತ ನಾನೇ 28 ತಂದು ಹಾಕಿದ್ದೆ. ಮಳೆಯಲ್ಲಿ ಟೈರಿಗೆ ಅಂಟಿದ ಒಂದು ಸಣ್ಣ ಕಲ್ಲು ಫ್ರೇಮಿನ ಬಣ್ಣವನ್ನು ಉಂಗುರದಂತೆ ಕೆರೆದು ಹಾಕಿತು. ಅಳೆಯಲು ಅಲೆನ್ ಕೀ (ಆರು ಮೂಲೆಯ ಸ್ಕ್ರೂ ತಿರುಗಿಸುವ ಕಡ್ಡಿ) ಸಾಕು. 25ರ ಟೈರಿಗೆ ಗಾಳಿ ತುಂಬಿ, ಫ್ರೇಮಿಗೂ ಟೈರಿಗೂ ನಡುವೆ, ಟೈರಿನ ಮೇಲ್ಭಾಗದಲ್ಲಿ 6 ಎಂಎಂ ಕೀ ಸಲೀಸಾಗಿ ತೂರಬೇಕು, ಎರಡೂ ಪಕ್ಕದಲ್ಲಿ 5 ಎಂಎಂ ತೂರಬೇಕು. 28 ಹಾಕಿದಾಗ ಎತ್ತರ ಸುಮಾರು 3 ಎಂಎಂ, ಪಕ್ಕಕ್ಕೆ ಒಂದೂವರೆ ಜಾಸ್ತಿಯಾಗುತ್ತದೆ, ಉಳಿದದ್ದು ಕಲ್ಲು ಕೆಸರಿಗೆ. ಮುಂದಿನ ಫೋರ್ಕು, ರಿಮ್ ಬ್ರೇಕಿನ ಕಮಾನಿನ ಕೆಳಗೂ ನೋಡಿ, ಹಳೇ ಸೈಕಲ್ಲುಗಳು ಕೈಕೊಡುವುದು ಅಲ್ಲೇ. ಇನ್ನೊಂದು, ರಿಮ್ಮಿನ ಒಳಗಲ ಜಾಸ್ತಿಯಿದ್ದರೆ ಅದೇ 28ರ ಟೈರು ಉಬ್ಬಿ 29, 30 ಆಗುತ್ತದೆ.

ಇನ್ನು ಗಾಳಿ. ಟೈರಿನ ಮೇಲೆ ಬರೆದಿರುವುದು ಗರಿಷ್ಠ ಮಿತಿ, ಅಷ್ಟು ಹೊಡೆಯಿರಿ ಅನ್ನುವ ಸಲಹೆ ಅಲ್ಲ. 70 ಕೆಜಿ ತೂಗುವವರು ಟ್ಯೂಬ್ ಇರುವ 28ಕ್ಕೆ ಹಿಂದೆ 75, ಮುಂದೆ 70 ಪಿಎಸ್‌ಐಯಿಂದ ಶುರು ಮಾಡಿ. ತೂಕ ಹಿಂದೆ ಜಾಸ್ತಿ ಬೀಳುತ್ತದೆ, ಅದಕ್ಕೇ ಈ ವ್ಯತ್ಯಾಸ. ಆಮೇಲೆ ವಾರಕ್ಕೆ ಎರಡೆರಡು ಪಿಎಸ್‌ಐ ಇಳಿಸುತ್ತಾ ಬನ್ನಿ. ಗುಂಡಿಯಲ್ಲಿ ರಿಮ್ಮು 'ಟಣ್' ಅಂದರೆ ಜಾಸ್ತಿ ಇಳಿಸಿದ್ದೀರಿ. ಟ್ಯೂಬಿನಲ್ಲಿ ಹಾವು ಕಚ್ಚಿದ ಹಾಗೆ ಜೋಡಿ ತೂತು ಬೀಳುವುದೂ ಇದರಿಂದಲೇ. ಹುಕ್‌ಲೆಸ್ ರಿಮ್ಮಾದರೆ (ಟೈರಿನ ಅಂಚು ಹಿಡಿಯುವ ಕೊಕ್ಕೆ ಇಲ್ಲದ್ದು) 5 ಬಾರ್, ಅಂದರೆ 72.5 ಪಿಎಸ್‌ಐ ದಾಟಲೇಬೇಡಿ. ಅದಕ್ಕೆ ಹೊಂದುತ್ತದೆ ಅಂತ ಕಂಪನಿ ಹೇಳಿರುವ ಟೈರನ್ನೇ ತನ್ನಿ.

ಯಾವ ಟೈರು? ಕಾಸಿಗೆ ತಕ್ಕ ಕಜ್ಜಾಯ. ಕಾಂಟಿನೆಂಟಲ್‌ನ ಗ್ರ್ಯಾಂಡ್ ಪ್ರಿ 5000 ಸರಾಗವಾಗಿ ಉರುಳುತ್ತದೆ. ಅದೇ ಕಂಪನಿಯ ಗೇಟರ್‌ಸ್ಕಿನ್‌ಗೆ ಪಂಕ್ಚರ್ ಕಡಿಮೆ, ಆದರೆ ಎತ್ತಿನಗಾಡಿ ಎಳೆದ ಹಾಗಿರುತ್ತದೆ. ದಿನಾ ಆಫೀಸಿಗೆ ಹೋಗುವವರಿಗೆ ಸರಿ, ವೇಗಕ್ಕಲ್ಲ. ಟಿಪಿಐ, ಅಂದರೆ ಟೈರಿನ ಬಟ್ಟೆಯ ಒಂದು ಇಂಚಿಗೆ ಎಷ್ಟು ಎಳೆ ಅನ್ನುವ ನಂಬರು ನೋಡಿ ಮರುಳಾಗಬೇಡಿ. 330 ಅಂತ ಬರೆದಿದ್ದರೂ ಅದು 110ರ ಮೂರು ಪದರ ಕೂಡಿಸಿದ ಲೆಕ್ಕ. ಮಳೆಗೆ ಗೀರುಗೀರು ಡಿಸೈನೂ ಬೇಡ, ಸೈಕಲ್ ಟೈರು ಸಪೂರ, ನುಣ್ಣಗಿದ್ದರೂ ನೀರಿನ ಮೇಲೆ ತೇಲುವುದಿಲ್ಲ. ಟೈರಿನೊಳಗೆ ಹಾಕುವ ಪ್ಲಾಸ್ಟಿಕ್ ಪಟ್ಟಿಯನ್ನಂತೂ ತರಲೇಬೇಡಿ. ಮುಳ್ಳು ಒಳಗೆ ಬರುವ ಮೊದಲೇ ಆ ಪಟ್ಟಿಯ ಅಂಚೇ ಟ್ಯೂಬನ್ನು ಉಜ್ಜಿ ತೂತು ಮಾಡುತ್ತದೆ.

ಹಾಕುವಾಗ ಟೈರು ಉರುಳುವ ದಿಕ್ಕು ತೋರಿಸುವ ಬಾಣದ ಗುರುತು ನೋಡಿ, ಕೊನೆಯ ಅಂಚನ್ನು ವಾಲ್ವ್ ಹತ್ತಿರ ಮುಗಿಸಿ, ಅಷ್ಟೇ. ಒಂದೇ ಟೈರು ಕೊಳ್ಳುವಷ್ಟು ದುಡ್ಡಿದ್ದರೆ ಹೊಸದನ್ನು ಮುಂದೆ ಹಾಕಿ, ಮುಂದಿದ್ದದ್ದನ್ನು ಹಿಂದಕ್ಕೆ ತಳ್ಳಿ. ಹಿಂದಿನದು ಜಾರಿದರೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ಮೊಣಕೈ ನೆಲಕ್ಕೇ.