ಕನ್ನಡ ಓದಬಲ್ಲ ಪಿಡಿಎಫ್ ಲೈಬ್ರರಿ: ಕಟ್ಟುವುದು ಹೇಗೆ, ಹಂಚುವುದು ಹೇಗೆ

ಪಿಡಿಎಫ್ ಕಡತದಿಂದ ಕನ್ನಡದ ಒಂದು ಸಾಲನ್ನು ನಕಲಿಸಿ ಬೇರೆಡೆ ಅಂಟಿಸಿದಾಗ 'ಸೂರ್ಯ' ಎಂಬುದು 'ಸೂಯ೯' ಆಗಿ ಬಂದದ್ದನ್ನು ಅನೇಕರು ಕಂಡಿರಬಹುದು. ಇಂಥದ್ದನ್ನು ಸರಿಪಡಿಸುವ ಚಿಕ್ಕ ಪೈಥಾನ್ ಲೈಬ್ರರಿಯೊಂದನ್ನು (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳಬಹುದಾದ ಕೋಡ್‌ನ ಕಟ್ಟು) ಬರೆದು ಮುಕ್ತ ತಂತ್ರಾಂಶವಾಗಿ ಹಂಚುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಕೋಡ್ ಬರೆಯುವ ಮೊದಲು ಚಿಕ್ಕ ಪಿಡಿಎಫ್ ಒಂದನ್ನು ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು ನೋಡಿ. ಅಡೋಬಿ ಸಂಸ್ಥೆ 1993ರಲ್ಲಿ ಹೊರತಂದ ಈ ವಿನ್ಯಾಸ 2008ರಲ್ಲಿ ಐಎಸ್‌ಒ 32000 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಇದನ್ನು ಓದುವುದು ಕೊನೆಯಿಂದ. ಕಡತದ ತುದಿಯಲ್ಲಿ 'ಸ್ಟಾರ್ಟ್‌ಎಕ್ಸ್‌ರೆಫ್' ಎಂಬ ಪದದ ಕೆಳಗಿರುವ ಸಂಖ್ಯೆಯು, ಒಳಗಿನ ವಸ್ತುಗಳ ವಿಳಾಸಪಟ್ಟಿ ಎಷ್ಟನೇ ಬೈಟ್‌ನಲ್ಲಿ ಶುರುವಾಗುತ್ತದೆ ಎಂಬುದನ್ನು ಹೇಳುತ್ತದೆ. ಹಳೆಯ ಬಗೆಯ ಪಟ್ಟಿಯಲ್ಲಿ ಪ್ರತಿ ನಮೂದೂ ಸಾಲಿನ ಅಂತ್ಯದ ಗುರುತು ಸೇರಿ ಸರಿಯಾಗಿ 20 ಬೈಟ್ ಇರಬೇಕು. ಎಡಿಟರ್‌ನಲ್ಲಿ ತೆರೆದದ್ದನ್ನು ಹಾಗೆಯೇ ಉಳಿಸಿದರೆ ಸಾಲಿನ ಅಂತ್ಯಗಳು ಬದಲಾಗಿ ವಿಳಾಸಗಳೆಲ್ಲ ತಪ್ಪಬಹುದು. ಕೋಡ್‌ನ ಬದಲಾವಣೆಗಳ ಇತಿಹಾಸ ಇಡುವ ಗಿಟ್ ಕೂಡ ಇದೇ ಕೆಲಸ ಮಾಡಬಹುದಾದ್ದರಿಂದ, ಪಿಡಿಎಫ್‌ಗಳು ಬೈನರಿ ಕಡತಗಳೆಂದು ಅದರ ಆಟ್ರಿಬ್ಯೂಟ್ಸ್ ಕಡತದಲ್ಲಿ ಮೊದಲ ದಿನವೇ ಬರೆದಿಡಿ.

ಈ ಓದುವ ಭಾಗವನ್ನು ತಾವೇ ಬರೆಯಬೇಕೆಂಬ ಆಸೆ ಎಲ್ಲರಿಗೂ ಬರುತ್ತದೆ, ದಯವಿಟ್ಟು ಬಿಟ್ಟುಬಿಡಿ. ಅದಕ್ಕೆ ಪೈಪಿಡಿಎಫ್‌ನಂಥ ಲೈಬ್ರರಿ ಇದೆ. ನಮ್ಮ ಕೆಲಸವಿರುವುದು ಅದು ಕೊಡುವ ಪಠ್ಯದ ಮೇಲೆ.

ಪಿಡಿಎಫ್ ಪುಟದಲ್ಲಿರುವುದು ಅಕ್ಷರಗಳಲ್ಲ, ಫಾಂಟಿನ ಆಕೃತಿಗಳು. ಯಾವ ಆಕೃತಿ ಯಾವ ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಮಾನಕ) ಅಕ್ಷರಕ್ಕೆ ಸಮ ಎಂಬುದನ್ನು 'ಟುಯೂನಿಕೋಡ್' ಎಂಬ ಕೋಷ್ಟಕ ಹೇಳಬೇಕು. ಒಂದು ಆಕೃತಿಗೆ ಹಲವು ಸಂಕೇತಗಳನ್ನು ಹೊಂದಿಸಲು ಅದರಲ್ಲಿ ಅವಕಾಶವಿರುವುದರಿಂದ 'ಕ್ಷ'ದಂಥ ಅಕ್ಷರ ತೊಂದರೆ ಕೊಡುವುದಿಲ್ಲ. ತೊಡಕು ಬರುವುದು ಕ್ರಮದಲ್ಲಿ. ಯೂನಿಕೋಡ್‌ನಲ್ಲಿ 'ಮೂರ್ತಿ' ಎಂದರೆ ನಾವು ಉಚ್ಚರಿಸುವಂತೆ ರಕಾರ ಮೊದಲು, ತಕಾರ ಆಮೇಲೆ. ಕಾಗದದ ಮೇಲಾದರೋ 'ತಿ' ಮುಗಿದ ನಂತರ ಅರ್ಕಾವತ್ತು. ಹಾಗೆಯೇ 'ಕಲ್ಲಿ' ಎಂಬಲ್ಲಿ ಅಚ್ಚಾಗುವುದು ಮೊದಲು 'ಲಿ', ಅದರ ನಂತರ ಒತ್ತು. ಯೂನಿಕೋಡ್‌ನಲ್ಲಿ ಒತ್ತು ಮೊದಲು, ಗುಡಿಸು ಕೊನೆಗೆ. ಆದ್ದರಿಂದ ನಿಮ್ಮ ಫಂಕ್ಷನ್, ಅರ್ಕಾವತ್ತು ಕಂಡಾಗ ಒಂದು ಹೆಜ್ಜೆ ಹಿಂದಕ್ಕೆ ಹೋದರೆ ಸಾಲದು; 'ಅರ್ಘ್ಯ'ದಲ್ಲಿ ಯಒತ್ತನ್ನೂ ದಾಟಿ ಘಕಾರದ ಹಿಂದಕ್ಕೆ ಹೋಗಿ ನಿಲ್ಲಬೇಕು. ಕೋಷ್ಟಕವೇ ಅರ್ಕಾವತ್ತನ್ನು ೯ ಎಂದು ಹೇಳಿದ್ದರೆ, ಅದು '೧೯೪೭'ರ ಒಂಬತ್ತೋ ಅಲ್ಲವೋ ಎಂಬುದನ್ನು ಅಕ್ಕಪಕ್ಕದ ಅಂಕಿಗಳನ್ನು ನೋಡಿ ತೀರ್ಮಾನಿಸಬೇಕಾಗುತ್ತದೆ. ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟ್‌ಗಳಿಗೆ ಬೇರೆಯೇ ಪಟ್ಟಿ ಬೇಕು. ಆ ಪಟ್ಟಿಯನ್ನು ಕೋಡ್‌ನೊಳಗೆ ತುರುಕದೆ ಪ್ರತ್ಯೇಕ ಜೇಸನ್ (ಮಾಹಿತಿಯನ್ನು ಪಠ್ಯರೂಪದಲ್ಲಿಡುವ ವಿನ್ಯಾಸ) ಕಡತದಲ್ಲಿಡಿ.

ಪರೀಕ್ಷೆಗೆ ಪಿಡಿಎಫ್‌ಗಳನ್ನು ನೀವೇ ತಯಾರಿಸಿ. ಕೈಗೆ ಸಿಕ್ಕ ಪಹಣಿ, ಅಂಕಪಟ್ಟಿಗಳನ್ನು ಸೇರಿಸಿದರೆ ಯಾರದೋ ಹೆಸರು, ವಿಳಾಸಗಳು ಗಿಟ್‌ನ ಇತಿಹಾಸದಲ್ಲಿ ಉಳಿದುಬಿಡುತ್ತವೆ. ಆಮೇಲೆ ಕಡತವನ್ನು ಅಳಿಸಿದರೂ ಹಳೆಯ ಪ್ರತಿ ಅಲ್ಲೇ ಇರುತ್ತದೆ.

ಪರವಾನಗಿಯನ್ನು ಬಿಡುಗಡೆಗೆ ಮೊದಲೇ ಆರಿಸಬೇಕು. ಪೈಪಿಡಿಎಫ್ ಷರತ್ತು ಕಡಿಮೆಯಿರುವ ಬಿಎಸ್‌ಡಿ ಪರವಾನಗಿಯದಾದ್ದರಿಂದ ನಿಮ್ಮ ಕೋಡ್‌ಗೆ ಎಂಐಟಿ ಅಥವಾ ಬಿಎಸ್‌ಡಿ ಹಾಕಲು ಅಡ್ಡಿಯಿಲ್ಲ. ಮ್ಯೂಪಿಡಿಎಫ್ ಎಂಬ ಇನ್ನೊಂದು ಪಿಡಿಎಫ್ ಲೈಬ್ರರಿ ಬಹಳ ವೇಗದ್ದು ನಿಜ, ಆದರೆ ಅದರ ಮುಕ್ತ ಆವೃತ್ತಿ ಎಜಿಪಿಎಲ್ ಅಡಿಯಲ್ಲಿದೆ. ಅದನ್ನು ಅವಲಂಬಿಸಿದರೆ ನಿಮ್ಮ ಬಳಕೆದಾರರೂ ಮೂಲ ಕೋಡನ್ನೂ ಅದೇ ಪರವಾನಗಿಯಲ್ಲಿ ತೆರೆದಿಡಬೇಕೆಂಬಂಥ ಷರತ್ತುಗಳನ್ನು ಹೊರಬೇಕಾಗುತ್ತದೆ. ನೋಟೊ ಸಾನ್ಸ್ ಕನ್ನಡ ಫಾಂಟನ್ನು ಜೊತೆಗೆ ಕೊಡುವುದಾದರೆ ಅದರ ಒಎಫ್‌ಎಲ್ ಪರವಾನಗಿಯ ಪ್ರತಿಯನ್ನೂ ಸೇರಿಸಿ.

ಇನ್ನು ಪ್ಯಾಕೇಜ್ ಮಾಡುವುದು. ಹೆಸರು, ಆವೃತ್ತಿ, ಪರವಾನಗಿ, ಅವಲಂಬನೆಗಳನ್ನು 'ಪೈಪ್ರಾಜೆಕ್ಟ್' ಎಂಬ ಟಾಮಲ್ ಕಡತದಲ್ಲಿ ಬರೆದು, 'ಬಿಲ್ಡ್' ಉಪಕರಣವನ್ನು ಓಡಿಸಿದರೆ ಮೂಲ ಕೋಡ್‌ನ ಒಂದು ಕಟ್ಟು ಮತ್ತು 'ವೀಲ್' ಎಂಬ, ನೇರವಾಗಿ ಸ್ಥಾಪಿಸಬಹುದಾದ ಒಂದು ಕಟ್ಟು ಸಿಗುತ್ತವೆ. ನಾನು ಮೊದಲ ಸಲ ಎಡವಿದ್ದು ಇಲ್ಲೇ. ನನ್ನ ಕಂಪ್ಯೂಟರ್‌ನಲ್ಲಿ ಪರೀಕ್ಷೆಗಳೆಲ್ಲ ಪಾಸಾಗಿದ್ದವು, ಗೆಳೆಯನ ಕಂಪ್ಯೂಟರ್‌ನಲ್ಲಿ ಜೇಸನ್ ಕಡತವೇ ಇಲ್ಲವೆಂಬ ದೋಷ ಬಂತು. ಪರೀಕ್ಷೆಗಳು ವೀಲ್‌ನಿಂದ ಓದದೆ ನನ್ನ ಮೂಲ ಫೋಲ್ಡರ್‌ನಿಂದ ಓದುತ್ತಿದ್ದವು, ವೀಲ್‌ನಲ್ಲಿ ಆ ಪಟ್ಟಿ ಸೇರಿರಲೇ ಇಲ್ಲ. ವೀಲ್ ಎಂದರೆ ಜಿಪ್ ಕಡತವೇ ಆದ್ದರಿಂದ ಅದನ್ನು ಬಿಚ್ಚಿ ಒಳಗೆ ಏನೇನಿದೆ ಎಂದು ಕಣ್ಣಾರೆ ನೋಡಿ. ಕೋಡನ್ನು 'ಎಸ್‌ಆರ್‌ಸಿ' ಫೋಲ್ಡರ್‌ನೊಳಗೆ ಇಟ್ಟು, ಬೇರೆ ಲೈಬ್ರರಿಗಳಿಂದ ಪ್ರತ್ಯೇಕವಾಗಿರುವ ಹೊಸ ವರ್ಚುವಲ್ ಎನ್ವಿರಾನ್‌ಮೆಂಟ್‌ನಲ್ಲಿ ವೀಲನ್ನು ಸ್ಥಾಪಿಸಿ, ಬೇರೊಂದು ಫೋಲ್ಡರ್‌ನಿಂದ ಪರೀಕ್ಷೆ ಓಡಿಸಿದರೆ ಈ ತಪ್ಪು ಮನೆಯಲ್ಲೇ ಸಿಕ್ಕಿಬೀಳುತ್ತದೆ.

ಪೈಥಾನ್ ಲೈಬ್ರರಿಗಳು ಸಿಗುವ ಪೈಪಿಐ ಭಂಡಾರಕ್ಕೆ ಏರಿಸುವ ಮುನ್ನ ಟೆಸ್ಟ್‌ಪೈಪಿಐನಲ್ಲಿ ಒಮ್ಮೆ ಪ್ರಯೋಗ ಮಾಡಿ. ಎರಡಕ್ಕೂ ಬೇರೆ ಬೇರೆ ಖಾತೆ ಬೇಕು. ಏರಿಸಲು 'ಟ್ವೈನ್' ಸಾಕು. ಒಮ್ಮೆ ಏರಿಸಿದ ಕಡತವನ್ನು ಅಳಿಸಿದರೂ ಅದೇ ಹೆಸರಿನಲ್ಲಿ ಮತ್ತೆ ಏರಿಸಲು ಪೈಪಿಐ ಬಿಡುವುದಿಲ್ಲ. 0.1.0ರಲ್ಲಿ ತಪ್ಪಿದ್ದರೆ ಅದನ್ನು 'ಯಾಂಕ್' ಎಂದು ಗುರುತಿಸಿ 0.1.1 ಬಿಡುಗಡೆ ಮಾಡಿ. ಹಳೆಯ ಸಂಖ್ಯೆಯನ್ನೇ ನೆಚ್ಚಿಕೊಂಡವರಿಗೆ ಅದು ಸಿಗುತ್ತಲೇ ಇರುತ್ತದೆ, ಹೊಸಬರಿಗೆ ತಾನಾಗಿ ಸಿಗುವುದಿಲ್ಲ.

ದೋಷ ವರದಿ ಮಾಡುವವರು ತಮ್ಮ ಪಿಡಿಎಫ್ ಕೊಡಲು ಹಿಂಜರಿದರೆ ಒತ್ತಾಯಿಸಬೇಡಿ. ಕಡತದ ಮಾಹಿತಿಯಲ್ಲಿ 'ಪ್ರೊಡ್ಯೂಸರ್' ಎದುರು ಇರುವ ಹೆಸರು (ಪಿಡಿಎಫ್ ತಯಾರಿಸಿದ ತಂತ್ರಾಂಶ), ಫಾಂಟಿನ ಹೆಸರು, ತಪ್ಪಾಗಿ ಬಂದ ಒಂದು ಪದ, ಈ ಮೂರನ್ನು ಕೇಳಿದರೆ ಅದೇ ತಪ್ಪನ್ನು ನಿಮ್ಮಲ್ಲೇ ಮರುಸೃಷ್ಟಿಸಿ ನೋಡಲು ಹೆಚ್ಚಿನ ಸಲ ಸಾಕಾಗುತ್ತದೆ.